ಪೆನ್‌ಡ್ರೈವ್‌ನ್ಯಾಗಿನ ಮದುವಿ

ಮದುವೆ ಮುಗಿದು ಎರಡು ವಾರವಾಗಿರುತ್ತದೆ. ಬೀಗರು ಊರು ಸೇರಿ, ಕಲ್ಯಾಣ ಮಂಟಪದ ಬಾಕಿ ಚುಕ್ತಾ ಆಗಿ, ಮನೆ ಒಂದು ಹದಕ್ಕೆ ಬರುವ ಹೊತ್ತಿಗೆ ಸ್ಟುಡಿಯೋದಿಂದ ಫೋನು: ‘ಪೆನ್‌ಡ್ರೈವ್ ರೆಡಿ ಐತ್ರಿ ಸರ. ಆಲ್ಬಮ್ಮಿಗೆ ಒಂದ್ ಮುನ್ನೂರು ಫೋಟೋ ಆರಿಸಿ, ನಂಬರ್ ಬರದು ಕೊಡ್ರಿ.’

ಹುಬ್ಬಳ್ಳಿಯ ನವನಗರದ ಮನೆಗಳಲ್ಲಿ ಇದು ರವಿವಾರ ಮಧ್ಯಾಹ್ನದ ಕೆಲಸ. ಮಗನ ಎಂಜಿನಿಯರಿಂಗ್ ಓದಿಗೆಂದು ತಂದಿದ್ದ ಡೆಸ್ಕ್‌ಟಾಪಿನ ಹೊದಿಕೆ ತೆಗೆದು ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ. ಅಮರಗೋಳದಿಂದ ಸೋದರತ್ತೆ ಬಂದಿರುತ್ತಾರೆ, ಧಾರವಾಡದಿಂದ ಚಿಗರಿ ಬಸ್ಸು ಹಿಡಿದು ಚಿಗವ್ವ ಬಂದಿರುತ್ತಾರೆ. ಮೊದಲ ಫೋಟೋ ಮೇಲೆ ಎರಡು ಸಲ ಒತ್ತಿದರೆ ಪರದೆ ಮೇಲೆ ಚಕ್ರ ತಿರುಗತೊಡಗುತ್ತದೆ.

‘ಬರವಲ್ದು ನೋಡು, ಬರೇ ತಿರಗಾಕ ಹತ್ತೇತಿ.’ ‘ಕಾಕಾ ಯಾಕ ಅಡ್ಡ ಮಲ್ಕೊಂಡಾನ?’ ‘ಇದೇನ, ಬಿಳಿ ಹಾಳಿ ಅಷ್ಟ ಕಾಣತೈತಿ?’ ತಾಸು ಕಳೆದರೂ ಅರಿಶಿನದ ಶಾಸ್ತ್ರವೇ ದಾಟಿರುವುದಿಲ್ಲ. ಬೇಸತ್ತು, ‘ನೀವ ಆರಿಸಿಬಿಡ್ರಿ’ ಎಂದು ಸ್ಟುಡಿಯೋದವರಿಗೇ ಒಪ್ಪಿಸುತ್ತಾರೆ. ಆ ಹುಡುಗರಿಗೆ ಮೂಲೆಯ ಕುರ್ಚಿಯಲ್ಲಿ ಕೂತ ಮುದುಕಿ ಮದುಮಗಳನ್ನು ಎತ್ತಿ ಆಡಿಸಿ ಬೆಳೆಸಿದ ಅಜ್ಜಿ ಎಂದು ಹೇಗೆ ಗೊತ್ತಾಗಬೇಕು? ಆಲ್ಬಮ್ ಅಚ್ಚಾಗಿ ಬಂದಾಗ ಅದರಲ್ಲಿ ಅಜ್ಜಿಯೇ ಇರುವುದಿಲ್ಲ.

ಇಲ್ಲಿ ಕಂಪ್ಯೂಟರು ಹಳೆಯದೆನ್ನುವುದಾಗಲಿ, ಮನೆಯವರಿಗೆ ತಿಳಿಯದೆನ್ನುವುದಾಗಲಿ ಮುಖ್ಯ ಕಾರಣವೇ ಅಲ್ಲ. ಕೆಲವೇ ಎಂಬಿ ತೂಕದ, ದುಡ್ಡು ಕೊಡಬೇಕಿಲ್ಲದ ಒಂದು ಸಣ್ಣ ತಂತ್ರಾಂಶ ಆ ಕಂಪ್ಯೂಟರಿನಲ್ಲಿ ಇಲ್ಲ, ಅಷ್ಟೇ. ಅದಕ್ಕೆ ಇಮೇಜ್ ವ್ಯೂವರ್ ಎನ್ನುತ್ತಾರೆ.

ನೋಡುವುದು ಬೇರೆ, ತಿದ್ದುವುದು ಬೇರೆ

ಫೋಟೋಶಾಪ್, ಗಿಂಪ್ ಇವೆಲ್ಲ ಚಿತ್ರ ತಿದ್ದುವ ತಂತ್ರಾಂಶಗಳು. ಅವು ತೆರೆದುಕೊಳ್ಳುವುದಕ್ಕೇ ಹೊತ್ತು ಬೇಕು, ಕಲಿಯುವುದಕ್ಕೆ ತಿಂಗಳು ಬೇಕು. ವ್ಯೂವರ್‌ನ ಕೆಲಸ ಬೇರೆ. ಫೈಲನ್ನು ತೆರೆದು ತೋರಿಸುವುದು, ಮುಂದಿನದಕ್ಕೆ ಹೋಗುವುದು, ಹಿಗ್ಗಿಸುವುದು, ತಿರುಗಿಸುವುದು, ಇದು ಯಾವಾಗ ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಎಂದು ಹೇಳುವುದು. ಕೆಲಸ ಕಡಿಮೆ ಇರುವುದರಿಂದಲೇ ಅದು ಚುರುಕು.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅಂಥದೊಂದು ಸರಳ ವ್ಯೂವರ್ ಕಂಪ್ಯೂಟರಿನ ಜೊತೆಗೇ ಬರುತ್ತಿತ್ತು. ವಿಂಡೋಸ್ 7ರಲ್ಲೂ ಇತ್ತು. ಆಮೇಲೆ ಬಂದ ‘ಫೋಟೋಸ್’ ಆ್ಯಪ್ ನೋಡುವುದರ ಜೊತೆಗೆ ಸಂಗ್ರಹ ಜೋಡಿಸುವುದು, ತಿದ್ದುವುದು, ಅಂತರ್ಜಾಲದ ಖಾತೆಯ ಚಿತ್ರಗಳನ್ನೂ ತೋರಿಸುವುದು ಹೀಗೆ ಹತ್ತು ಕೆಲಸ ಹೊತ್ತುಕೊಂಡಿದೆ. ಹೊಸ ಕಂಪ್ಯೂಟರಿನಲ್ಲಿ ಅದು ಸಲೀಸಾಗಿಯೇ ಓಡುತ್ತದೆ. ನಾಲ್ಕು ಜಿಬಿ ರ‍್ಯಾಮ್‌ನ ಹಳೆಯ ಡಬ್ಬಿಯಲ್ಲಿ ಏದುಸಿರು ಬಿಡುತ್ತದೆ.

ಬೆಂಗಳೂರಿನ ಹುಡುಗ ಬರೆದ ಲೆಕ್ಕ

ಫೋಟೋ ತೆರೆಯುವುದಕ್ಕೆ ಹೊತ್ತು ಯಾಕೆ ಬೇಕು ಎನ್ನುವುದು ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಮದುವೆ ಫೋಟೋಗ್ರಾಫರ್ ಬಳಸುವ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಎಂದರೆ ಅಡ್ಡಕ್ಕೆ 6000, ಉದ್ದಕ್ಕೆ 4000 ಚುಕ್ಕಿ. ಒಟ್ಟು 2.4 ಕೋಟಿ. ಒಂದೊಂದು ಚುಕ್ಕಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್ ಹಿಡಿದರೆ ಒಂದೇ ಫೋಟೋಕ್ಕೆ ಸುಮಾರು 72 ಎಂಬಿ ಆಗಬೇಕು. ಆದರೆ ಪೆನ್‌ಡ್ರೈವ್‌ನಲ್ಲಿ ಅದು ಎಂಟೋ ಹತ್ತೋ ಎಂಬಿ ಅಷ್ಟೇ ಇರುತ್ತದೆ. ಉಳಿದದ್ದು ಎಲ್ಲಿ ಹೋಯಿತು?

ಅದನ್ನು ಹಿಂಡಿ ತೆಗೆದದ್ದು ಜೆಪೆಗ್ ಎಂಬ ವಿಧಾನ. ಅದರ ಎದೆಯಲ್ಲಿರುವ ಗಣಿತ ನಮ್ಮ ರಾಜ್ಯದವರೊಬ್ಬರದು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್ ಈಗ ಯುವಿಸಿಇ ಎಂದು ಕರೆಯುವ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, 1972ರಲ್ಲಿ, ಚಿತ್ರಗಳನ್ನು ಕುಗ್ಗಿಸಲು ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ದಾರಿಯ ಬಗ್ಗೆ ಸಂಶೋಧನೆ ಮಾಡುತ್ತೇನೆಂದು ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಅನುದಾನ ಕೇಳಿದರು. ಸಿಗಲಿಲ್ಲ. ಕೈಬಿಡದೆ, ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ.ಆರ್. ರಾವ್ ಅವರನ್ನು ಜೊತೆಗೂಡಿಸಿಕೊಂಡು ಕೆಲಸ ಮುಗಿಸಿದರು. ಮೂವರ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಹದಿನೆಂಟು ವರ್ಷದ ನಂತರ, 1992ರಲ್ಲಿ, ಜೆಪೆಗ್ ಜಾಗತಿಕ ಮಾನಕವಾದಾಗ ಅದರ ಬುನಾದಿ ಈ ಲೆಕ್ಕವೇ ಆಗಿತ್ತು.

ಧಾರವಾಡದ ಕಡೆಯವರಿಗೆ ಇದನ್ನು ಸಂಗೀತದ ಮಾತಿನಲ್ಲಿ ಹೇಳುವುದೇ ಸುಲಭ. ಚಿತ್ರವನ್ನು ಎಂಟು ಚುಕ್ಕಿ ಅಡ್ಡ, ಎಂಟು ಚುಕ್ಕಿ ಉದ್ದದ ಪುಟ್ಟ ಚೌಕಗಳಾಗಿ ಕತ್ತರಿಸುತ್ತಾರೆ. ಒಂದೊಂದು ಚೌಕದಲ್ಲೂ ಮಂದ್ರದಂತೆ ನಿಧಾನ ಬದಲಾಗುವ ಛಾಯೆ ಎಷ್ಟಿದೆ, ತಾರದಂತೆ ಚಕಚಕ ಬದಲಾಗುವ ವಿವರ ಎಷ್ಟಿದೆ ಎಂದು ಅಳೆಯುತ್ತಾರೆ. ಕಣ್ಣಿಗೆ ಅಷ್ಟಾಗಿ ಹಿಡಿಯದ ತಾರಸ್ಥಾಯಿಯ ವಿವರಗಳನ್ನು ಒರಟಾಗಿ ಬರೆದುಕೊಳ್ಳುತ್ತಾರೆ ಇಲ್ಲವೇ ಬಿಟ್ಟೇಬಿಡುತ್ತಾರೆ. ರೇಷ್ಮೆ ಸೀರೆಯ ಸಣ್ಣ ಜರಿಯಲ್ಲಿ ಒಂಚೂರು ಕಳೆದರೂ ಮುಖದ ಲಕ್ಷಣ ಹಾಗೇ ಉಳಿಯುತ್ತದೆ.

ವ್ಯೂವರ್ ಮಾಡುವುದು ಇದರ ಉಲ್ಟಾ ಕೆಲಸ. ಎಂಟು ಎಂಬಿಯನ್ನು ಮತ್ತೆ 2.4 ಕೋಟಿ ಚುಕ್ಕಿಯಾಗಿ ಬಿಡಿಸಿ, ಇಪ್ಪತ್ತು ಲಕ್ಷ ಚುಕ್ಕಿಯಷ್ಟೇ ಹಿಡಿಸುವ ನಿಮ್ಮ ಮಾನಿಟರಿಗೆ ತಕ್ಕಂತೆ ಇಳಿಸಿ ತೋರಿಸಬೇಕು. ಒಳ್ಳೆಯ ವ್ಯೂವರ್ ನೀವು ಒಂದು ಫೋಟೋ ನೋಡುತ್ತಿರುವಾಗಲೇ ಮುಂದಿನದನ್ನು ಬಿಡಿಸಿ ಇಟ್ಟುಕೊಂಡಿರುತ್ತದೆ. ಗುಂಡಿ ಒತ್ತಿದ ಕೂಡಲೇ ಬಂದುಬಿಡುವುದು ಅದಕ್ಕೇ.

ಈ ಲೆಕ್ಕದಿಂದ ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಬಿಡಿಸಿದ್ದನ್ನು ಮತ್ತೆ ‘ಸೇವ್’ ಮಾಡಿದರೆ ಮತ್ತೊಮ್ಮೆ ಹಿಂಡಿದಂತೆ. ಪ್ರತಿ ಸಲವೂ ಚೂರು ಕಳೆಯುತ್ತದೆ. ಸುಮ್ಮನೆ ನೋಡಿದರೆ ಏನೂ ಆಗುವುದಿಲ್ಲ. ಎಷ್ಟು ಸಲ ನೋಡಿದರೂ ಫೋಟೋ ಸವೆಯುವುದಿಲ್ಲ.

ವಿಯೆನ್ನಾದ ಕೆಂಪು ಬೆಕ್ಕು

ಉಚಿತ ವ್ಯೂವರ್‌ಗಳಲ್ಲಿ ಹೆಚ್ಚು ಹೆಸರಾದದ್ದು ಇರ್ಫಾನ್‌ವ್ಯೂ. ಬೋಸ್ನಿಯಾದ ಯಾಯ್ತ್ಸೆ ಊರಿನ ಇರ್ಫಾನ್ ಸ್ಕಿಲ್ಯಾನ್ ಎಂಬ ಯುವಕ ಆಸ್ಟ್ರಿಯಾದ ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದಿದವರು. 1996ರಲ್ಲಿ ಇದರ ಮೊದಲ ಆವೃತ್ತಿ ಬಿಟ್ಟರು. ಇಂದಿಗೂ ಅದನ್ನು ನೋಡಿಕೊಳ್ಳುತ್ತಿರುವವರು ಅವರೇ. ಅದರ ಗುರುತು ಕೈಕಾಲು ಚಾಚಿದ ಒಂದು ಕೆಂಪು ಬೆಕ್ಕು. ಮನೆ ಬಳಕೆಗೆ, ಶಾಲೆ ಕಾಲೇಜಿಗೆ, ಗ್ರಂಥಾಲಯಕ್ಕೆ ಬಿಟ್ಟಿ. ಅಂಗಡಿ, ಸ್ಟುಡಿಯೋ, ಕಂಪನಿಗಳು ದುಡ್ಡು ಕೊಟ್ಟು ಪರವಾನಗಿ ಪಡೆಯಬೇಕು. ಒಬ್ಬರೇ ಕೂತು ಇಷ್ಟು ವರ್ಷ ಕಟ್ಟಿಕೊಂಡು ಬಂದ ಕೆಲಸಕ್ಕೆ ವ್ಯಾಪಾರದವರು ಆ ಮೊತ್ತ ಕೊಡುವುದು ನ್ಯಾಯ.

ಇದೊಂದೇ ಅಂತಲ್ಲ. ಫ್ರಾನ್ಸ್‌ನ ಎಕ್ಸ್‌ಎನ್‌ವ್ಯೂ, ಸೋರ್ಸ್ ಕೋಡ್ ಮುಕ್ತವಾಗಿರುವ ನೋಮ್ಯಾಕ್ಸ್ ಮತ್ತು ಇಮೇಜ್‌ಗ್ಲಾಸ್ ಕೂಡ ಚೆನ್ನಾಗಿವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತನ್ನ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದ ಮೇಲೆ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿಕೊಂಡವರಿದ್ದಾರೆ. ಅವರು ಹುಡುಕಬೇಕಾಗಿಯೇ ಇಲ್ಲ. ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ಸರಳ ವ್ಯೂವರ್ ಮೊದಲೇ ಇರುತ್ತದೆ. ಇನ್ನಷ್ಟು ಸೌಕರ್ಯ ಬೇಕೆಂದರೆ ಅದರ ಸಾಫ್ಟ್‌ವೇರ್ ಅಂಗಡಿಯಲ್ಲಿ ಜಿಥಂಬ್ ಎಂದು ಹುಡುಕಿ ‘ಇನ್‌ಸ್ಟಾಲ್’ ಒತ್ತಿದರೆ ಮುಗಿಯಿತು.

ಹಾಕಿಕೊಳ್ಳುವಾಗ

ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವುದು ಐದು ನಿಮಿಷದ ಕೆಲಸ. ಎಡವುವುದು ಮಾತ್ರ ಶುರುವಿನಲ್ಲೇ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು. ಡೌನ್‌ಲೋಡ್ ಪುಟಗಳಲ್ಲೂ ದೊಡ್ಡ ಹಸಿರು ಗುಂಡಿ ಒಂದು ಕಡೆ, ನಿಜವಾದ ಕೊಂಡಿ ಇನ್ನೊಂದು ಕಡೆ ಇರುತ್ತದೆ. ಆ ಹಸಿರು ಗುಂಡಿ ಒತ್ತಿದರೆ ಬೇಡದ ತಂತ್ರಾಂಶಗಳು ಒಂದರ ಹಿಂದೊಂದು ಒಳಬರುತ್ತವೆ. ತಂತ್ರಾಂಶದ ಸ್ವಂತ ಜಾಲತಾಣ ಇಲ್ಲವೇ ಮೈಕ್ರೋಸಾಫ್ಟ್ ಸ್ಟೋರ್, ಇವೆರಡನ್ನು ಬಿಟ್ಟು ಬೇರೆಡೆಯಿಂದ ತರಬಾರದು.

32 ಬಿಟ್, 64 ಬಿಟ್ ಎಂದು ಎರಡು ಬಗೆ ಸಿಗುತ್ತದೆ. ಈಗಿನ ಕಂಪ್ಯೂಟರುಗಳಿಗೆಲ್ಲ 64 ಸಾಕು. ಇರ್ಫಾನ್‌ವ್ಯೂಗೆ ‘ಪ್ಲಗ್‌ಇನ್ಸ್’ ಎಂಬ ಇನ್ನೊಂದು ಕಟ್ಟು ಬೇರೆಯಾಗಿ ಇದೆ, ಅಪರೂಪದ ಫೈಲುಗಳನ್ನು ತೆರೆಯಲು. ಅದನ್ನೂ ಅದೇ ಬಿಟ್‌ನದ್ದು ತಂದು ಹಾಕಬೇಕು. 64ರ ತಂತ್ರಾಂಶಕ್ಕೆ 32ರ ಪ್ಲಗ್‌ಇನ್ ಕೂಡುವುದಿಲ್ಲ.

ಇನ್‌ಸ್ಟಾಲ್ ಆಗುವಾಗ ಯಾವ ಯಾವ ಬಗೆಯ ಫೈಲನ್ನು ನಾನು ತೆರೆಯಲಿ ಎಂದು ಅದು ಕೇಳುತ್ತದೆ. ‘ಇಮೇಜಸ್ ಓನ್ಲಿ’ ಎನ್ನುವುದನ್ನು ಆರಿಸಿ. ವಿಡಿಯೋ, ಹಾಡನ್ನೆಲ್ಲ ಅದಕ್ಕೆ ಕಟ್ಟುವುದು ಬೇಡ. ಇಷ್ಟಾದರೂ ವಿಂಡೋಸ್ 10, 11ರಲ್ಲಿ ಡಬಲ್ ಕ್ಲಿಕ್ ಮಾಡಿದಾಗ ಹಳೆಯ ಆ್ಯಪ್ಪೇ ತೆರೆದುಕೊಳ್ಳುವುದುಂಟು. ಆಗ ಒಂದು ಫೋಟೋ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಓಪನ್ ವಿತ್’, ‘ಚೂಸ್ ಅನದರ್ ಆ್ಯಪ್’ ಎಂದು ಹೋಗಿ, ಹೊಸ ವ್ಯೂವರನ್ನು ತೋರಿಸಿ, ‘ಆಲ್ವೇಸ್’ ಎನ್ನಬೇಕು.

ಮುನ್ನೂರು ಆರಿಸುವ ಬಗೆ

ಮೊದಲ ಕೆಲಸ, ಪೆನ್‌ಡ್ರೈವ್‌ನಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ಕಾಪಿ ಮಾಡಿ ಪೆನ್‌ಡ್ರೈವ್ ಕಿತ್ತು ಕಪಾಟಿನಲ್ಲಿಡುವುದು. ಇದನ್ನು ಮರೆಯಲೇಬಾರದು. ಕಂಪ್ಯೂಟರಿನಲ್ಲಿ ಅಳಿಸಿದ ಫೋಟೋ ರಿಸೈಕಲ್ ಬಿನ್‌ನಲ್ಲಿ ಬಿದ್ದಿರುತ್ತದೆ, ಎತ್ತಿಕೊಳ್ಳಬಹುದು. ಪೆನ್‌ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ಅಲ್ಲಿಗೆ ಬರುವುದೇ ಇಲ್ಲ, ನೇರ ಹೋಗಿಬಿಡುತ್ತದೆ. ಅವಸರದಲ್ಲಿ ಯಾರದೋ ಬೆರಳು ಡಿಲೀಟ್ ಗುಂಡಿಗೆ ತಾಗಿದರೆ ತಾಳಿ ಕಟ್ಟುವ ಗಳಿಗೆಯೇ ಮಾಯ.

ಎರಡನೆಯದು ಬಹಳ ಮಂದಿಗೆ ಹೊಳೆಯದ ತೊಡಕು. ಮದುವೆಗೆ ಇಬ್ಬರು ಫೋಟೋಗ್ರಾಫರ್ ಬಂದಿರುತ್ತಾರೆ. ಇಬ್ಬರದೂ ನಿಕಾನ್ ಆದರೆ ಎರಡರಲ್ಲೂ ಫೈಲಿನ ಹೆಸರು ಡಿಎಸ್‌ಸಿ ಎಂದು ಶುರುವಾಗಿ ನಾಲ್ಕಂಕಿಯ ನಂಬರಿನಲ್ಲಿ ಮುಗಿಯುತ್ತದೆ. 0412 ಎಂಬುದು ಒಂದರಲ್ಲಿ ಹುಡುಗನ ಕಡೆಯವರ ಎದುರುಗೊಳ್ಳುವಿಕೆ, ಇನ್ನೊಂದರಲ್ಲಿ ಊಟದ ಪಂಕ್ತಿ. ನೀವು ಹಾಳೆಯಲ್ಲಿ ಬರೀ 412 ಎಂದು ಬರೆದುಕೊಟ್ಟರೆ ಸ್ಟುಡಿಯೋದವರು ಯಾವುದನ್ನು ಹಿಡಿಯಬೇಕು? ಎರಡು ಫೋಲ್ಡರನ್ನು ಒಂದರಲ್ಲಿ ಸುರಿದರಂತೂ ಒಂದರ ಮೇಲೆ ಇನ್ನೊಂದು ಕೂತು ಮೊದಲಿನದು ಅಳಿಸಿಹೋಗಬಹುದು. ವ್ಯೂವರ್‌ನಲ್ಲಿ ‘ಬ್ಯಾಚ್ ರೀನೇಮ್’ ಎಂಬ ಅನುಕೂಲ ಇರುತ್ತದೆ, ಇರ್ಫಾನ್‌ವ್ಯೂನಲ್ಲಿ ಬಿ ಗುಂಡಿ ಒತ್ತಿದರೆ ಸಿಗುತ್ತದೆ. ಒಂದು ಕ್ಯಾಮೆರಾದ ಎಲ್ಲ ಹೆಸರಿನ ಮುಂದೆ ‘ಎ’, ಇನ್ನೊಂದರ ಮುಂದೆ ‘ಬಿ’ ಎಂದು ಒಂದೇ ಸಲಕ್ಕೆ ಸೇರಿಸಿಕೊಳ್ಳಬಹುದು. ಆದರೆ ಆ ನಾಲ್ಕಂಕಿಗೆ ಕೈಹಚ್ಚಬೇಡಿ, ಸ್ಟುಡಿಯೋದವರು ಹುಡುಕುವುದು ಅದನ್ನೇ.

ಇನ್ನು ಇರ್ಫಾನ್‌ವ್ಯೂನಲ್ಲಿ ನೋಡುತ್ತ ಕೂರಬಹುದು. ಎಂಟರ್ ಒತ್ತಿದರೆ ಫೋಟೋ ಪರದೆ ತುಂಬ. ಸ್ಪೇಸ್‌ಬಾರ್ ಮುಂದಕ್ಕೆ, ಬ್ಯಾಕ್‌ಸ್ಪೇಸ್ ಹಿಂದಕ್ಕೆ. ಪ್ಲಸ್ ಒತ್ತಿದರೆ ಹಿಗ್ಗುತ್ತದೆ, ಗುಂಪು ಫೋಟೋದಲ್ಲಿ ಯಾರ ಕಣ್ಣು ಮುಚ್ಚಿದೆ ಎಂದು ನೋಡಲು ಇದು ಬೇಕೇ ಬೇಕು. ಇಷ್ಟವಾದದ್ದು ಬಂದಾಗ ಎಫ್8. ಯಾವ ಫೋಲ್ಡರಿಗೆ ಕಾಪಿ ಮಾಡಲಿ ಎಂದು ಕೇಳುತ್ತದೆ. ‘ಆಲ್ಬಮ್’ ಎಂದೊಂದು ಫೋಲ್ಡರ್ ಮೊದಲ ಸಲ ತೋರಿಸಿಕೊಟ್ಟರೆ ಮುಂದೆ ಅದನ್ನೇ ನೆನಪಿಟ್ಟಿರುತ್ತದೆ. ಮುಗಿದ ಮೇಲೆ ಆ ಫೋಲ್ಡರನ್ನೇ ಇನ್ನೊಂದು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರಾಯಿತು, ನಂಬರ್ ಬರೆಯುವ ತಾಪತ್ರಯವೇ ಇಲ್ಲ. ಸೋದರತ್ತೆಗೂ ಚಿಗವ್ವಗೂ ಪೂರ್ತಿ ಹೊಂದಿಕೆಯಾಗದಿದ್ದರೆ ಎರಡು ಫೋಲ್ಡರ್ ಮಾಡಿ, ಕೊನೆಗೆ ಕೂಡಿ ಕೂತು ಎರಡನ್ನೂ ಹೋಲಿಸಬಹುದು.

ಅಡ್ಡ ಮಲಗಿದ ಕಾಕಾ

ಕ್ಯಾಮೆರಾವನ್ನು ನಿಲ್ಲಿಸಿ ಹಿಡಿದರೂ ಅದರೊಳಗಿನ ಸೆನ್ಸರ್ ಬರೆದುಕೊಳ್ಳುವುದು ಅಡ್ಡಲಾಗಿಯೇ. ಜೊತೆಗೆ ಒಂದು ಚೀಟಿಯನ್ನು ಫೈಲಿನೊಳಗೆ ಇಡುತ್ತದೆ: ತೋರಿಸುವಾಗ ಇಷ್ಟು ತಿರುಗಿಸು ಎಂದು. ಎಕ್ಸಿಫ್ ಎಂಬ ಈ ಚೀಟಿಯ ಪದ್ಧತಿ ಜಪಾನಿನಲ್ಲಿ 1995ರಲ್ಲಿ ರೂಪುಗೊಂಡದ್ದು. ವ್ಯೂವರ್ ಆ ಚೀಟಿ ಓದಿದರೆ ಕಾಕಾ ನಿಂತಿರುತ್ತಾನೆ, ಓದದಿದ್ದರೆ ಮಲಗಿರುತ್ತಾನೆ. ಸೆಟ್ಟಿಂಗ್ಸ್‌ನಲ್ಲಿ ಎಕ್ಸಿಫ್ ನೋಡಿ ತಾನೇ ತಿರುಗಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿಟ್ಟುಕೊಳ್ಳಿ. ಕೈಯಾರೆ ತಿರುಗಿಸಿ ಉಳಿಸಲೇಬೇಕಾದರೆ ‘ಲಾಸ್‌ಲೆಸ್ ರೊಟೇಶನ್’ ಬಳಸಿ. ಅದು ಫೋಟೋವನ್ನು ಬಿಡಿಸಿ ಮತ್ತೆ ಹಿಂಡದೆ, ಆ ಎಂಟರ ಚೌಕಗಳನ್ನೇ ತಿರುಗಿಸಿ ಜೋಡಿಸುತ್ತದೆ. ಏನೂ ಕಳೆಯುವುದಿಲ್ಲ.

ಅದೇ ಚೀಟಿಯಲ್ಲಿ ತಾರೀಖು, ಹೊತ್ತು, ಕ್ಯಾಮೆರಾದ ಹೆಸರು ಇರುತ್ತದೆ. ಮೊಬೈಲ್‌ನಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶವೂ ಇರುತ್ತದೆ. ಇರ್ಫಾನ್‌ವ್ಯೂನಲ್ಲಿ ಐ ಗುಂಡಿ ಒತ್ತಿ ಎಕ್ಸಿಫ್ ವಿವರ ತೆರೆದರೆ ಕಾಣುತ್ತದೆ. ಮನೆಯೊಳಗೆ ತೆಗೆದ ಮಗುವಿನ ಫೋಟೋವನ್ನು ಗೊತ್ತಿಲ್ಲದವರಿಗೆ ಇ–ಮೇಲ್ ಮಾಡುವ ಮುನ್ನ ಇದನ್ನೊಮ್ಮೆ ನೋಡುವುದು ಒಳ್ಳೆಯದು.

ಬಿಳಿ ಹಾಳೆಯಂತೆ ಕಂಡ ಫೈಲುಗಳು ಬಹುತೇಕ ಐಫೋನ್ ಇರುವ ಸೋದರಮಾವನ ಮಗ ಕಳಿಸಿದವು. ಆ್ಯಪಲ್ 2017ರಿಂದ ಎಚ್‌ಇಐಸಿ ಎಂಬ ಹೊಸ ಬಗೆಯಲ್ಲಿ ಫೋಟೋ ಉಳಿಸುತ್ತದೆ. ಜಾಗ ಕಡಿಮೆ ತಿನ್ನುತ್ತದೆ, ಆದರೆ ಎಷ್ಟೋ ಕಂಪ್ಯೂಟರುಗಳಿಗೆ ಅದನ್ನು ಬಿಡಿಸಲು ಬರುವುದಿಲ್ಲ. ವ್ಯೂವರ್‌ಗೆ ಪ್ಲಗ್‌ಇನ್ ಹಾಕುವುದು ಒಂದು ದಾರಿ. ಮುಂದಿನ ಕಾರ್ಯಕ್ರಮಕ್ಕೆ ಆತನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್ ಎಂದು ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಮಾಡಿಸಿದರೆ ಜೆಪೆಗ್ಗೇ ಬರುತ್ತದೆ.

ಸ್ಕ್ಯಾನ್ ಸಿ.ಡಿ. ತೆರೆಯುವುದು

ವ್ಯೂವರ್ ಬೇಕಾಗುವುದು ಮದುವೆ ಫೋಟೋಗಳಿಗಷ್ಟೇ ಅಲ್ಲ. ನವನಗರ ಎಂದ ಕೂಡಲೇ ಗದಗ, ಹಾವೇರಿ, ಕೊಪ್ಪಳದ ಕಡೆಯವರಿಗೆ ಮೊದಲು ನೆನಪಾಗುವುದು ಇಲ್ಲಿನ ಕ್ಯಾನ್ಸರ್ ಆಸ್ಪತ್ರೆ. ಹುಬ್ಬಳ್ಳಿ ಧಾರವಾಡದ ನಡುವಿನ ಈ ರಸ್ತೆಯಲ್ಲಿ ದೊಡ್ಡ ದೊಡ್ಡ ಫಿಲ್ಮ್ ಕವರು ಬಗಲಲ್ಲಿ ಹಿಡಿದವರು ದಿನಾ ಕಾಣುತ್ತಾರೆ. ಸಿ.ಟಿ., ಎಂ.ಆರ್.ಐ. ಮಾಡಿಸಿದಾಗ ಫಿಲ್ಮಿನ ಜೊತೆಗೆ ಸಿ.ಡಿ. ಕೊಡುವುದುಂಟು. ಮನೆಗೆ ತಂದು ಹಾಕಿದರೆ ಅದರಲ್ಲಿ ಹೆಸರು ಅರ್ಥವಾಗದ ನೂರಾರು ಫೈಲು. ಮಾಮೂಲು ವ್ಯೂವರ್ ತೆರೆಯುವುದಿಲ್ಲ. ಸಿ.ಡಿ. ಕೆಟ್ಟಿದೆ ಎಂದು ಎಸೆದುಬಿಡುತ್ತಾರೆ.

ಅದು ಕೆಟ್ಟಿರುವುದಿಲ್ಲ. ಆ ಫೈಲುಗಳು ಡೈಕಾಮ್ ಎಂಬ ಬಗೆಯವು. ಅಮೆರಿಕದ ವಿಕಿರಣ ವೈದ್ಯರ ಸಂಸ್ಥೆ ಮತ್ತು ಯಂತ್ರ ತಯಾರಕರು ಕೂಡಿ 1985ರಲ್ಲಿ ಶುರುಮಾಡಿದ ಮಾನಕಕ್ಕೆ 1993ರಲ್ಲಿ ಈ ಹೆಸರು ಬಂತು. ಯಾವ ಕಂಪನಿಯ ಯಂತ್ರದಲ್ಲಿ ತೆಗೆದದ್ದಾದರೂ ಇನ್ನೊಂದು ಊರಿನ ವೈದ್ಯರು ನೋಡುವಂತಾದದ್ದು ಇದರಿಂದ. ಸಿ.ಡಿ.ಯಲ್ಲೇ ಎಷ್ಟೋ ಸಲ ಒಂದು ಸಣ್ಣ ವ್ಯೂವರ್ ಇರುತ್ತದೆ. ಇಲ್ಲದಿದ್ದರೆ ಮೈಕ್ರೋಡೈಕಾಮ್ ಅಥವಾ ವೀಸಿಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಒಂದೊಂದೇ ಫೈಲಿನ ಬದಲು ಇಡೀ ಫೋಲ್ಡರನ್ನು ಅದಕ್ಕೆ ತೋರಿಸಬೇಕು. ಆಗ ದೇಹದ ಸೀಳುಗಳು ಸಾಲಾಗಿ ಬರುತ್ತವೆ, ಮೌಸಿನ ಚಕ್ರ ತಿರುಗಿಸಿದರೆ ತಲೆಯಿಂದ ಕಾಲಿನ ಕಡೆಗೆ ಸರಿಯುತ್ತವೆ.

ಇಲ್ಲಿ ಒಂದು ಸೋಜಿಗ ಇದೆ. ಸಿ.ಟಿ. ಚಿತ್ರದಲ್ಲಿ ಸಾಮಾನ್ಯವಾಗಿ 4096 ಬಗೆಯ ಬೂದು ಛಾಯೆಗಳಿರುತ್ತವೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ಗಟ್ಟಿ ಎಲುಬಿಗೆ ಸಾವಿರದ ಆಸುಪಾಸು ಎಂಬ ಅಳತೆ. ಸಿ.ಟಿ. ಯಂತ್ರ ರೂಪಿಸಿ 1979ರ ನೊಬೆಲ್ ಹಂಚಿಕೊಂಡ ಹೌನ್ಸ್‌ಫೀಲ್ಡ್ ಅವರ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಮನೆಯ ಮಾನಿಟರ್ ತೋರಿಸಬಲ್ಲದ್ದು 256 ಬೂದು ಛಾಯೆ. ಹಾಗಾಗಿ ವ್ಯೂವರ್ ಒಂದು ಸಲಕ್ಕೆ ಒಂದು ತುಂಡನ್ನಷ್ಟೇ ತೋರಿಸುತ್ತದೆ. ಮೌಸ್ ಒತ್ತಿ ಎಳೆದರೆ ಆ ತುಂಡು ಸರಿಯುತ್ತದೆ: ಈಗ ಬರೀ ಕಪ್ಪಾಗಿದ್ದ ಕಡೆ ಶ್ವಾಸಕೋಶದ ಕವಲುಗಳು ಮೂಡುತ್ತವೆ, ಇನ್ನಷ್ಟು ಎಳೆದರೆ ಅವು ಮುಳುಗಿ ಎಲುಬು ಸ್ಪಷ್ಟವಾಗುತ್ತದೆ. ಚಿತ್ರ ಅದೇ, ಫೈಲೂ ಅದೇ. ಫಿಲ್ಮಿನ ಮೇಲೆ ಅಚ್ಚಾದದ್ದು ಇಂಥ ಒಂದೆರಡು ನೋಟ ಮಾತ್ರ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವಾಗ ಫಿಲ್ಮಿಗಿಂತ ಸಿ.ಡಿ. ಬೆಲೆಬಾಳುವುದು ಈ ಕಾರಣಕ್ಕೆ.

ಮನೆಯಲ್ಲಿ ನೋಡಿ ರೋಗ ಗುರುತಿಸಲು ಹೋಗಬಾರದು. ವರದಿಯಲ್ಲಿ ವೈದ್ಯರು ಬರೆದದ್ದು ಎಲ್ಲಿದೆ ಎಂದು ಕಣ್ಣಾರೆ ನೋಡಿ, ಮುಂದಿನ ಭೇಟಿಯಲ್ಲಿ ಏನು ಕೇಳಬೇಕೆಂದು ಬರೆದಿಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ಇಂಥ ಫೈಲನ್ನು ಕಂಡ ಕಂಡ ಆನ್‌ಲೈನ್ ವ್ಯೂವರ್‌ಗೆ ಅಪ್‌ಲೋಡ್ ಮಾಡಬೇಡಿ. ರೋಗಿಯ ಹೆಸರು, ವಯಸ್ಸು, ಸ್ಕ್ಯಾನ್ ಮಾಡಿಸಿದ ಜಾಗ ಎಲ್ಲವೂ ಫೈಲಿನೊಳಗೇ ಬರೆದಿರುತ್ತದೆ. ಮನೆಯ ಡೆಸ್ಕ್‌ಟಾಪಿನಲ್ಲಿ ಕೂತ ತಂತ್ರಾಂಶ ಅದನ್ನು ಮನೆಯೊಳಗೇ ಇಡುತ್ತದೆ, ಇಂಟರ್ನೆಟ್ ಇಲ್ಲದಿದ್ದರೂ ತೋರಿಸುತ್ತದೆ.

ಬೆಂಗಳೂರಿನ ಅಥವಾ ಮುಂಬಯಿಯ ವೈದ್ಯರಿಗೆ ತೋರಿಸಬೇಕಾಗಿ ಬಂದರೆ, ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲ್‌ನಲ್ಲಿ ಫೋಟೋ ತೆಗೆದು ವಾಟ್ಸ್‌ಆ್ಯಪ್‌ ಮಾಡುವುದರಲ್ಲಿ ಪ್ರಯೋಜನ ಕಡಿಮೆ. ಸಿ.ಡಿ.ಯ ಇಡೀ ಫೋಲ್ಡರನ್ನು, ಡೈಕಾಮ್‌ಡಿರ್ ಎಂಬ ಹೆಸರಿನ ಫೈಲನ್ನೂ ಬಿಡದೆ, ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಒಯ್ಯಿರಿ. ಮನೆಯ ಕಂಪ್ಯೂಟರಿಗೆ ಸಿ.ಡಿ. ಹಾಕುವ ಜಾಗವೇ ಇಲ್ಲದಿದ್ದರೆ, ಸ್ಕ್ಯಾನ್ ಮಾಡಿಸಿದ ದಿನವೇ ಖಾಲಿ ಪೆನ್‌ಡ್ರೈವ್ ಕೊಟ್ಟು ಅದರಲ್ಲಿ ಹಾಕಿಕೊಡುವಂತೆ ಕೇಳಿ.